ತೆಗೆದಿಟ್ಟ ಪಾಲು

ನಮ್ಮ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಬಹಳ ವರ್ಷ ಒಂದು ಸ್ಟೀಲ್ ಡಬ್ಬ ಖಾಲಿ ಕೂತಿತ್ತು. ಅದು ನಮ್ಮದಲ್ಲ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ಹೆಸರು, ಗುಂಡ್ಲುಪೇಟೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿಯದು. ಬೇರೆಯವರ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದು ಅನ್ನುವುದು ನಮ್ಮ ಕಡೆಯ ರೂಢಿ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಆ ಡಬ್ಬವನ್ನು ತುಂಬಿಸಿ ಕೊಡುವ ಮುಖ ನನಗಿರಲಿಲ್ಲ, ಖಾಲಿ ಕೊಡುವ ಧೈರ್ಯವೂ ಇರಲಿಲ್ಲ. ಹಾಗಾಗಿ ಟ್ರಾನ್ಸ್‌ಫರ್ ಆದಾಗ ಅದು ನಮ್ಮ ಪಾತ್ರೆಗಳ ಜೊತೆ ಗೋಣಿಚೀಲದಲ್ಲಿ ಕೂತು ಚಾಮರಾಜನಗರಕ್ಕೆ ಬಂತು. ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ಮುಂಚೆ ಮನೆ ತೊಳೆಯುವಾಗ ಅದನ್ನು ಕೆಳಗಿಳಿಸಿ, ಬೂದಿ ಹಾಕಿ ಉಜ್ಜಿ, ಒರೆಸಿ, ಮತ್ತೆ ಮೇಲಿಡುತ್ತಿದ್ದೆ.

ಡಬ್ಬದ ವಿಷಯ ಹೇಳಬೇಕಾದರೆ ಮೊದಲು ನಮ್ಮಮ್ಮನ ಅಕ್ಕಿ ಮಡಕೆಯ ವಿಷಯ ಹೇಳಬೇಕು. ನಾನು ಹುಟ್ಟಿ ಬೆಳೆದದ್ದು ಚಾಮರಾಜನಗರದಲ್ಲಿ, ಕ್ರೈಸ್ತರ ಕೆಲವೇ ಮನೆಗಳಿದ್ದ ಒಂದು ಬೀದಿಯಲ್ಲಿ. ಅಮ್ಮ ಅನ್ನಕ್ಕಿಡುವಾಗಲೆಲ್ಲ ಪಾವಿನಲ್ಲಿ ಅಕ್ಕಿ ಅಳೆದು ಮೊರಕ್ಕೆ ಸುರಿದು, ಕಲ್ಲು ಆರಿಸುವುದಕ್ಕೂ ಮೊದಲು ಅದರಿಂದ ಒಂದು ಹಿಡಿ ತೆಗೆದು ಮೂಲೆಯ ಮಣ್ಣಿನ ಮಡಕೆಗೆ ಹಾಕುತ್ತಿದ್ದಳು. ಅದಕ್ಕೆ ಹಿಡಿಯಕ್ಕಿ ಅನ್ನುತ್ತಿದ್ದೆವು. ಶನಿವಾರ ಸಂಜೆ ಮಡಕೆಯದ್ದನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಭಾನುವಾರ ಆರಾಧನೆಯಲ್ಲಿ ಮುಂದೆ ಇಟ್ಟಿರುತ್ತಿದ್ದ ಬಿದಿರು ಬುಟ್ಟಿಗೆ ಸುರಿಯುವುದು. ಎಲ್ಲಾ ಮನೆಯ ಅಕ್ಕಿಯೂ ಅಲ್ಲಿ ಒಂದಾಗುತ್ತಿತ್ತು, ದಪ್ಪ ಅಕ್ಕಿ, ಸಣ್ಣಕ್ಕಿ, ರೇಷನ್ ಅಕ್ಕಿ. ಮನೆಯಲ್ಲಿ ಅಕ್ಕಿ ತಳ ಕಂಡ ದಿನಗಳಲ್ಲಿ ಅಮ್ಮನ ಹಿಡಿ ಚಿಕ್ಕದಾಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ. "ದೇವರಿಗೆ ತೆಗೆದಿಡೋದು ಮೊದಲು. ಉಳಿದದ್ದು ನಮಗೆ" ಅನ್ನುತ್ತಿದ್ದಳು. ಅಪ್ಪ ಮಾತ್ರ ಊಟದ ಮಧ್ಯೆ ಕಲ್ಲು ಸಿಕ್ಕಾಗಲೆಲ್ಲ, "ಕಲ್ಲನ್ನೆಲ್ಲ ನಮ್ಮ ಪಾಲಿಗೇ ಬಿಡ್ತಾಳೆ ನೋಡು" ಅಂತ ರೇಗಿಸುತ್ತಿದ್ದರು.

ಇನ್ನೊಂದು ಕಟ್ಟಳೆಯೂ ಇತ್ತು. ಬೇರೆ ದೇವರ ಮುಂದೆ ಇಟ್ಟದ್ದನ್ನು ನಾವು ತಿನ್ನುವಂತಿಲ್ಲ. ಎರಡನೇ ಕ್ಲಾಸಿನಲ್ಲಿ ಒಮ್ಮೆ ಆಯುಧಪೂಜೆಯ ಕಡ್ಲೆಪುರಿಯನ್ನು ಲಂಗದಲ್ಲಿ ಕಟ್ಟಿಕೊಂಡು ಮನೆತನಕ ಮೇಯುತ್ತಾ ಬಂದೆ. ಅಮ್ಮ ಬೈಯಲಿಲ್ಲ. ಬಾಯಿ ತೊಳೆಸಿ, ಪಕ್ಕದಲ್ಲಿ ಮಂಡಿಯೂರಿಸಿ ಪ್ರಾರ್ಥನೆ ಮಾಡಿಸಿದಳು. ಬೈದಿದ್ದರೆ ಮರೆತುಹೋಗುತ್ತಿತ್ತೋ ಏನೋ. ಅವತ್ತಿನಿಂದ ಕಡ್ಲೆಪುರಿ ಕಂಡರೆ ನನ್ನ ಮಂಡಿಗೆ ನೆಲದ ತಣುಪು ನೆನಪಾಗುತ್ತದೆ.

ಹೀಗೆ ಬೆಳೆದವಳು ಮದುವೆಯಾಗಿ, ಸರ್ಕಾರಿ ಶಾಲೆಯ ಟೀಚರಾಗಿ, ಎರಡು ಸಾವಿರದ ಮೊದಲ ವರ್ಷಗಳಲ್ಲಿ ಗುಂಡ್ಲುಪೇಟೆಗೆ ಬಂದೆ. ನನ್ನ ಶಾಲೆ ಪಕ್ಕದ ಹಳ್ಳಿಯಲ್ಲಿ, ಯಜಮಾನರ ಆಫೀಸು ಪೇಟೆಯಲ್ಲಿ. ಊರಂಚಿನಲ್ಲಿ ಒಂದು ಮನೆ ಸಿಕ್ಕಿತು. ಮಧ್ಯೆ ಎದೆಮಟ್ಟದ ಗೋಡೆ, ಆಚೆ ಮನೆಯೊಡತಿ, ಅವರ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಕೊಟ್ಟಿಗೆಯಲ್ಲಿ ಒಂದು ಕಂದು ಹಸು. ಅವರಿಗೆ ಬಾಳೆ, ಅರಿಶಿನದ ಜೊತೆ ಚೆಂಡುಹೂವಿನ ಹೊಲವಿತ್ತು. ಹೂವಿನ ಕಾಲದಲ್ಲಿ ಲಾರಿಗೆ ಮೂಟೆ ಹಾಕಿ ಬಂದವರ ಮೈಯಿಂದ ರಸ್ತೆತನಕ ಘಾಟು ಬರುತ್ತಿತ್ತು. ಬಾಡಿಗೆ ಮನೆಯವರೆಲ್ಲ ಕರೆಯುವ ಹಾಗೆ ನಾವೂ ಆಕೆಯನ್ನು ಓನರಮ್ಮ ಅಂದೆವು. ಅರವತ್ತರ ಹತ್ತಿರದ ಹೆಂಗಸು, ಬಾಯಲ್ಲಿ ಯಾವಾಗಲೂ ಎಲೆಅಡಿಕೆ, ಸೊಂಟದಲ್ಲಿ ಹೊಗೆಸೊಪ್ಪಿನ ಕಡ್ಡಿಪುಡಿಯ ಪುಟ್ಟ ಡಬ್ಬಿ. ಸೋಮವಾರ ತಮ್ಮ ಮನೆದೇವರು ಮಾದಪ್ಪನಿಗೆ ಧೂಪ ಹಾಕಿದರೆ ನಮ್ಮ ಮನೆಯೊಳಗೂ ಹೊಗೆ ಬರುತ್ತಿತ್ತು. ನಮ್ಮ ಪ್ರಾರ್ಥನೆಯ ಹಾಡು ಅವರ ಕೊಟ್ಟಿಗೆತನಕ ಹೋಗುತ್ತಿತ್ತು. ಇಬ್ಬರೂ ಅದರ ಬಗ್ಗೆ ಚಕಾರ ಎತ್ತಿರಲಿಲ್ಲ.

ಮೊದಲ ಗೌರಿಹಬ್ಬಕ್ಕೆ ಗೋಡೆ ಮೇಲಿಂದ ಆ ಡಬ್ಬ ಬಂತು. "ಟೀಚ್ರವ್ವೋ, ಇಸ್ಕಳವ್ವ. ಬಿಸೀಲೇ ತಿನ್ಬುಡಿ, ಆರೋದ್ರೆ ಗಟ್ಟಿಯಾಯ್ತದೆ" ಅಂದರು ಓನರಮ್ಮ. ಮುಚ್ಚಳ ತೆಗೆದರೆ ಒಬ್ಬಟ್ಟು. ಅಂಚು ಸ್ವಲ್ಪ ಸೀದು, ಮೇಲೆ ತುಪ್ಪ ಹೊಳೆಯುತ್ತಿತ್ತು. ಹಬ್ಬದ ದಿನ, ಪೂಜೆಯ ಮನೆಯಿಂದ ಬಂದದ್ದು ಅಂದಮೇಲೆ ದೇವರ ಮುಂದೆ ಇಟ್ಟದ್ದೇ ಅಂತ ನಾನು ತೀರ್ಮಾನಿಸಿದೆ. ಕೇಳಬಹುದಿತ್ತು. ಅಥವಾ ಕೈಮುಗಿದು, "ಅಮ್ಮ, ನಮ್ಮಲ್ಲಿ ಇದನ್ನ ತಿನ್ನಲ್ಲ, ಬೇಜಾರು ಮಾಡ್ಕೋಬೇಡಿ" ಅನ್ನಬಹುದಿತ್ತು. ಹೇಳಿದರೆ ಎಲ್ಲಿ ನೊಂದುಕೊಳ್ಳುತ್ತಾರೋ ಅಂತ ಹೇಳಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗೆ ಒಳ್ಳೆಯವಳು ಅನ್ನಿಸಿಕೊಳ್ಳುವ ಆಸೆ. "ಯಾಕಮ್ಮ ಇಷ್ಟೊಂದು" ಅಂತ ನಗುನಗುತ್ತಾ ಇಸಿದುಕೊಂಡು ಒಳಗೆ ಬಂದೆ. ಅವರು ಹೊಲಕ್ಕೆ ಹೋದ ಮೇಲೆ ಹಿಂದಿನ ಬಾಗಿಲಿಂದ ಹಿತ್ತಲಿಗೆ ಹೋಗಿ, ಗೋಡೆ ಮೇಲಿಂದ ಬಗ್ಗಿ ಅಷ್ಟನ್ನೂ ಹಸುವಿನ ಮುಂದೆ ಹಾಕಿದೆ. ಅನ್ನವನ್ನು ಎಸೆಯಲಿಲ್ಲವಲ್ಲ, ಒಂದು ಜೀವದ ಹೊಟ್ಟೆಗೆ ಹೋಯಿತಲ್ಲ ಅನ್ನುವ ಸಮಾಧಾನ ಬೇರೆ.

ಸಂಜೆ ಓನರಮ್ಮ ಗೋಡೆಗೆ ಒರಗಿ, "ಹೆಂಗಿತ್ತವ್ವ ಒಬ್ಬಟ್ಟು?" ಅಂದರು.

"ತುಂಬಾ ಚೆನ್ನಾಗಿತ್ತಮ್ಮ."

"ಏಲಕ್ಕಿ ಒಸಿ ಜಾಸ್ತಿ ಆಯ್ತೇನೋ ಅನ್ಕಂಡೆ."

"ಇಲ್ಲಪ್ಪ, ಹದವಾಗಿತ್ತು" ಅಂದೆ. ನಾಲಿಗೆ ಒಂದಿಷ್ಟೂ ತೊದಲಲಿಲ್ಲ.

ಹಾಗೆ ಶುರುವಾದದ್ದು ನಾಲ್ಕು ವರ್ಷ ನಡೆಯಿತು. ಸಂಕ್ರಾಂತಿಯ ಸಿಹಿ ಪೊಂಗಲ್ಲು, ಯುಗಾದಿಯ ಒಬ್ಬಟ್ಟು, ಕಡುಬು, ಕಜ್ಜಾಯ, ತಂಬಿಟ್ಟು. ಹಬ್ಬ ಬಂದರೆ ಡಬ್ಬ ಬರುತ್ತಿತ್ತು, ಡಬ್ಬ ಬಂದರೆ ನಾನು ಹಿಂದಿನ ಬಾಗಿಲಿಗೆ ಹೋಗುತ್ತಿದ್ದೆ. ಹಸುವಂತೂ ನನ್ನ ಸೆರಗು ಕಂಡರೆ ಕುತ್ತಿಗೆ ಉದ್ದ ಮಾಡಿ ನಿಲ್ಲುತ್ತಿತ್ತು. "ನಮ್ ಹಸ ಟೀಚ್ರವ್ವನ್ ಕಂಡ್ರೆ ಬುಡದೇ ಇಲ್ಲ, ಏನ್ ಪಿರೂತಿ ನೋಡು" ಅಂತ ಓನರಮ್ಮ ಸೊಸೆಗೆ ಹೇಳಿ ನಗುತ್ತಿದ್ದರು. ಆ ನಗುವಿಗೆ ನಾನೂ ನಗು ಸೇರಿಸುತ್ತಿದ್ದೆ. ಯಜಮಾನರು ನನ್ನಷ್ಟು ಬಿಗಿಯಲ್ಲ. "ಇಷ್ಟು ಘಮಘಮ ಅನ್ನೋದು ಪಾಪ ಹೆಂಗಾಗುತ್ತೆ?" ಅನ್ನುತ್ತಿದ್ದರು. ಒಂದು ಯುಗಾದಿಯಲ್ಲಿ ನಾನು ಬಟ್ಟೆ ತೆಗೆದುಕೊಂಡು ಬರುವಷ್ಟರಲ್ಲಿ ಅಡುಗೆಮನೆಯಲ್ಲಿ ನಿಂತೇ ಅರ್ಧ ಒಬ್ಬಟ್ಟು ಮುಗಿಸಿದ್ದರು. ನಾನು ಎರಡು ದಿನ ಮಾತು ಬಿಟ್ಟೆ. ನನ್ನ ಕೋಪ ಅಷ್ಟಕ್ಕೇ ಇಳಿಯುವಂಥದ್ದಲ್ಲ.

ನಮ್ಮಿಂದಲೂ ಡಬ್ಬ ಖಾಲಿ ಹೋಗುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಅಮ್ಮ ಊರಿಂದ ಬಂದು ಅಚ್ಚು ಮುರುಕು, ಕಲ್ಕಲ್ಲು ಅನ್ನುವ ಸಿಹಿ ತಿಂಡಿ ಕರಿಯುತ್ತಿದ್ದಳು. ಬಾಣಲೆ ಇಡುವ ಮೊದಲು ಪ್ರಾರ್ಥನೆ, ಇಳಿಸಿದ ಮೇಲೆ ಪ್ರಾರ್ಥನೆ. ಅದನ್ನು ತುಂಬಿ ಕೊಟ್ಟರೆ ಓನರಮ್ಮ ಮೊದಲು ಒಂದನ್ನು ಮಾದಪ್ಪನ ಪಟದ ಮುಂದಿಟ್ಟು, ಆಮೇಲೆ ಮೊಮ್ಮಕ್ಕಳಿಗೆ ಹಂಚಿ, ತಾವೂ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಯಾರ ಹೆಸರಲ್ಲಿ ಕರಿದದ್ದು ಅಂತ ಒಂದು ಸಲವೂ ಕೇಳಲಿಲ್ಲ. ಅದನ್ನು ನೋಡಿ ನನಗೆ ನಾಚಿಕೆಯಾಗಬೇಕಿತ್ತು. ಆದರೆ ಆಗ ನನಗನ್ನಿಸಿದ್ದು, ಪಾಪ, ಇವರಿಗೆ ನಮ್ಮ ಹಾಗೆ ತಿಳಿವಳಿಕೆ ಇಲ್ಲ ಅಂತ.

ನಾಲ್ಕನೇ ವರ್ಷ, ಹಿರಿಯರ ಹಬ್ಬ. ತೀರಿಹೋದವರಿಗೆ ಎಡೆ ಇಡುವ ಹಬ್ಬ ಅದು. ಎಡೆಗೆ ಮಾಡಿದ್ದು ಮೀಸಲು. ಎಡೆ ಇಟ್ಟು ಮುಗಿಯುವ ತನಕ ಆ ಮನೆಯಲ್ಲಿ ಉಪ್ಪು ನೋಡುವುದಕ್ಕೂ ಯಾರೂ ಬಾಯಿಗೆ ಇಡುವುದಿಲ್ಲ, ಕೂಸು ಅತ್ತರೂ ಕೊಡುವುದಿಲ್ಲ. ಆ ಸಲ ಓನರಮ್ಮನ ಡಬ್ಬದಲ್ಲಿ ಮುಚ್ಚಳ ಮುಚ್ಚಲಾಗದಷ್ಟು ಒಬ್ಬಟ್ಟು ತುಂಬಿತ್ತು. ಜೊತೆಗೆ ಒಂದು ಬೋಸಿ ಪಾಯಸ, ಇನ್ನೊಂದರಲ್ಲಿ ಅನ್ನ. ಯಜಮಾನರು ಟ್ರೈನಿಂಗಿಗೆ ಮೈಸೂರಿಗೆ ಹೋಗಿದ್ದರು. ನಾನು ಅಷ್ಟನ್ನೂ, ನಮ್ಮ ಮನೆಯಲ್ಲಿ ಮಿಕ್ಕಿದ್ದ ಅನ್ನವನ್ನೂ ಸೇರಿಸಿ, ಹಸುವಿನ ಮುಂದೆ ಸುರಿದೆ. ಬೇಯಿಸಿದ ಅನ್ನ, ಬೆಲ್ಲ ಹೆಚ್ಚಾದರೆ ದನಕ್ಕೆ ಆಗುವುದಿಲ್ಲ ಅನ್ನುವುದು ದನ ಕಟ್ಟಿದವರಿಗೆಲ್ಲ ಗೊತ್ತು. ಪೇಟೆಯ ಬೀದಿಯಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಹಸು ಏಳಲಿಲ್ಲ. ಎಡಗಡೆ ಹೊಟ್ಟೆ ಉಬ್ಬಿ ತಮಟೆಯಂತೆ ಬಿಗಿದಿತ್ತು, ಮೆಲುಕು ಹಾಕುವುದು ನಿಂತಿತ್ತು. ಮಗ ಸೋಡಾ ಕಲಸಿ ಕುಡಿಸುತ್ತಿದ್ದ, ಸೊಸೆ ಕಣ್ಣೊರೆಸಿಕೊಳ್ಳುತ್ತಾ ಹೊಟ್ಟೆ ಉಜ್ಜುತ್ತಿದ್ದಳು. ದನದ ಡಾಕ್ಟರು ಬಂದು ಹೊಟ್ಟೆ ತಟ್ಟಿ ನೋಡಿ, "ಅನ್ನ ಹಾಕಿದ್ದೀರ, ಸಿಹಿ ಹಾಕಿದ್ದೀರ. ಯಾರು ಹಾಕಿದ್ದು?" ಅಂದರು. ಮಗ ಹೆಂಡತಿಯ ಮೇಲೆ ರೇಗಿದ, ಮಕ್ಕಳ ಮೇಲೆ ರೇಗಿದ. "ಯಾರ್ಲಾ ಆಕುದ್ದು? ಯೋಳ್ರೋ!" ಅಂತ ಕೂಗಿದ. ಮಕ್ಕಳು ಅಜ್ಜಿಯ ಸೀರೆ ಹಿಡಿದುಕೊಂಡವು. ನಾನು ಗೋಡೆಯ ಈಚೆ ಶಾಲೆಗೆ ಹೊರಟ ಬ್ಯಾಗು ಹೆಗಲಲ್ಲಿಟ್ಟುಕೊಂಡು ನಿಂತಿದ್ದೆ. ನಾನು ಅಂತ ಹೇಳುವುದಕ್ಕೆ ಒಂದೇ ಉಸಿರು ಸಾಕಿತ್ತು.

ಓನರಮ್ಮ ಕಲಗಚ್ಚಿನ ಬಾನಿಯ ಪಕ್ಕ ಬಗ್ಗಿ ಏನನ್ನೋ ಹೆಕ್ಕಿದರು. ಒಬ್ಬಟ್ಟಿನ ಚೂರು. ಕೈಯಲ್ಲಿಟ್ಟುಕೊಂಡು ನೋಡಿದರು, ತಲೆಯೆತ್ತಿ ನನ್ನ ಕಡೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿ, "ನಾನೇ ಆಕ್ಬುಟ್ಟೆ ಕಣ್ಲಾ. ಹಬ್ಬ ಅಲ್ವಾ, ಮೂಕ್ ಪ್ರಾಣಿ ತಿನ್ಲಿ ಅಂತ. ಗ್ಯಾನ ಇರ್ನಿಲ್ಲ" ಅಂದರು. ಮಗ ಅಮ್ಮನಿಗೆ ಬಾಯಿಗೆ ಬಂದ ಹಾಗೆ ಬೈದ. ಅವರು ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಸುಮ್ಮನೆ ಬೈಸಿಕೊಂಡರು.

ಮಧ್ಯಾಹ್ನದ ಹೊತ್ತಿಗೆ ಹಸು ಎದ್ದು ನಿಂತಿತು ಅಂತ ಶಾಲೆಯಿಂದ ಬಂದಾಗ ಗೊತ್ತಾಯಿತು. ಗೋಡೆಯ ಹತ್ತಿರ ಹೋದೆ. ಓನರಮ್ಮ ಅಲ್ಲೇ ಕೂತು ಹೂವಿನ ಮೂಟೆಯ ಹಗ್ಗ ಬಿಚ್ಚುತ್ತಿದ್ದರು. ಅವರೇ ಮಾತು ತೆಗೆದರು.

"ನನ್ ಮಗ ಹುಟ್ದಾಗ ಆಸ್ಪತ್ರೇಲಿ ಒಬ್ರು ನರ್ಸಮ್ಮ ಇದ್ರು ಕಣವ್ವ, ನಿಮ್ಮೋರೆಯ. ನಾನು ಪ್ರಸಾದ ಕೊಡಕ್ಕೋದ್ರೆ ಕೈ ಮುಗ್ದು, 'ಬ್ಯಾಡಮ್ಮ, ದೇವ್ರ ಮುಂದೆ ಇಕ್ಕುದ್ದ ನಾವು ತಿನ್ನಾಕಿಲ್ಲ' ಅಂದ್ರು. ಅವತ್ತಿಂದ ನಂಗೆ ಗೊತ್ತು."

ನನಗೆ ಅರ್ಥವಾಗಲಿಲ್ಲ.

"ಅದ್ಕೇ ನಿಂಗೆ ಎಡೆಗ್ ಮುಂಚೇನೇ ತಗ್ದಿಡ್ತಿದ್ದೆ. ಪೂಜೆಗೂ ಮುಂಚೆ, ಒಲೆ ಮ್ಯಾಲಿಂದ ಇಳ್ಸಿದ್ ತಕ್ಸಣ. ಸೊಸೆ ಬೈತಿದ್ಲು, 'ಮೀಸ್ಲು ಮುರೀತೀರಲ್ಲತ್ತೆ' ಅಂತ. ಮಾದಪ್ಪ ಒಸಿ ಹೊತ್ತು ಕಾಯ್ತನೆ ಬುಡು, ಅವ ಎಲ್ಗೋಗನು ಅಂದೆ."

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಹಗ್ಗ ಸುತ್ತಿಟ್ಟು ಎದ್ದವರು, "ಇನ್ಮ್ಯಾಕೆ ಕೊಡಾಕಿಲ್ಲ ಬುಡವ್ವ. ನಿಂಗೂ ಕಷ್ಟ, ಹಸೀಗೂ ಕಷ್ಟ" ಅಂದು ಸಣ್ಣಗೆ ನಕ್ಕು ಒಳಗೆ ಹೋದರು.

ಆ ಭಾನುವಾರ ಬಸ್ಸು ಹತ್ತಿ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋದೆ. ಆರಾಧನೆಯಲ್ಲಿ ಕೂತರೆ ಕಣ್ಣಿಗೆ ಕಂಡದ್ದು ಬಿದಿರು ಬುಟ್ಟಿ ಒಂದೇ. ಮನೆಗೆ ಬಂದು ಅಮ್ಮನಿಗೆ ಎಲ್ಲಾ ಹೇಳಿದೆ. ತಿನ್ನದೆ ಇದ್ದದ್ದಕ್ಕಾದರೂ ಮೆಚ್ಚುತ್ತಾಳೆ ಅಂತ ಒಳಗೆಲ್ಲೋ ಆಸೆಯಿತ್ತು. ಅಮ್ಮ ಕೈಯಲ್ಲಿದ್ದ ಪಾವನ್ನು ಕೆಳಗಿಟ್ಟು, "ತಿನ್ನಬೇಡ ಅಂತ ಹೇಳಿಕೊಟ್ಟೆ ಕಣೇ. ಸುಳ್ಳು ಹೇಳು ಅಂತ ಯಾವತ್ತು ಹೇಳಿಕೊಟ್ಟೆ?" ಅಂದಳು. ಪಾವನ್ನು ಮತ್ತೆ ಕೈಗೆತ್ತಿಕೊಂಡು, "ಹೋಗಿ ಕೇಳು. ಒಂದು ತುತ್ತು ಕೊಡಿ ಅಂತ ಬಾಯಿಬಿಟ್ಟು ಕೇಳು. ಕೊಡದೆ ಇರೋ ಹೆಂಗಸಲ್ಲ ಆಕೆ" ಅಂದಳು.

ನಾನು ಕೇಳಲಿಲ್ಲ. ಬಸ್ಸಿನಲ್ಲಿ ಬರುತ್ತಾ ಮಾತು ಜೋಡಿಸಿಕೊಳ್ಳುವುದು, ಗೋಡೆಯ ಹತ್ತಿರ ಬಂದರೆ ಬೇರೆ ಮಾತಾಡುವುದು. ಮಳೆ ಬಂತಾ, ಹೂವಿಗೆ ಲಾರಿ ಬಂತಾ. ಓನರಮ್ಮ ಮಾತು ಬಿಡಲಿಲ್ಲ. ಜ್ವರ ಬಂದಾಗ ಕಷಾಯ ಕಾಯಿಸಿ ಕೊಟ್ಟರು, ಬಾಳೆಗೊನೆ ಕಡಿದಾಗ ಒಂದು ಚಿಪ್ಪು ಗೋಡೆ ಮೇಲಿಟ್ಟರು. ಹಬ್ಬದ ಅಡುಗೆ ಮಾತ್ರ ಬರಲಿಲ್ಲ. ಕಡೆಯ ಸಲ ಬಂದಿದ್ದ ಡಬ್ಬ ನನ್ನ ಹತ್ತಿರವೇ ಉಳಿಯಿತು, ಅವರು ಕೇಳಲಿಲ್ಲ. ಆ ವರ್ಷದ ಕ್ರಿಸ್‌ಮಸ್ಸಿಗೆ ಅಮ್ಮ ಕರಿದದ್ದನ್ನು ಬೇರೆ ತಟ್ಟೆಯಲ್ಲಿ ಕೊಟ್ಟು ಬಂದೆ. ಆ ಡಬ್ಬಕ್ಕೆ ಹಾಕಲು ಕೈ ಬರಲಿಲ್ಲ.

ಅದಾದ ಮೇಲಿನ ಎರಡು ವರ್ಷದ ಹಬ್ಬಗಳನ್ನು ನಾನು ಹೇಗೆ ಕಳೆದೆ ಅನ್ನುವುದು ನಗೆಪಾಟಲಿನ ವಿಷಯ. ಆಚೆ ಕಡೆ ಹೂರಣ ರುಬ್ಬುವ ಒರಳಿನ ಸದ್ದು ಕೇಳಿದರೆ ಶಾಲೆಗೆ ಹೊರಟವಳು ನಿಂತುಬಿಡುತ್ತಿದ್ದೆ. ತುಪ್ಪ ಕಾಯಿಸಿದ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು, ಕಣ್ಣಲ್ಲೂ. ಮಧ್ಯಾಹ್ನ ಬಟ್ಟೆ ಒಣಗಿದ್ದರೂ ಒಣಗಿಲ್ಲವೇನೋ ಅಂತ ಹತ್ತು ಸಲ ಹಿತ್ತಲಿಗೆ ಹೋಗುತ್ತಿದ್ದೆ. 'ಟೀಚ್ರವ್ವೋ' ಅನ್ನುವ ಕೂಗಿಗೆ ಕಿವಿಗೊಟ್ಟು ಕೂತಿರುತ್ತಿದ್ದೆ. ಒಂದು ದಿನ ನಾಚಿಕೆ ಬಿಟ್ಟು ಯಜಮಾನರನ್ನು, "ಅವತ್ತು ತಿಂದಿರಲ್ಲ, ಹೇಗಿತ್ತು?" ಅಂತ ಕೇಳಿದೆ. ಅವರು ಯೋಚಿಸಿ, "ತುಪ್ಪ ಮುಂದಿತ್ತು. ಅಂಚು ಗರಿಗರಿ. ಏಲಕ್ಕಿ ಒಂಚೂರು ಜಾಸ್ತಿ" ಅಂದರು. ನನಗೆ ಸಿಕ್ಕಿದ್ದು ಅಷ್ಟೇ, ಇನ್ನೊಬ್ಬರ ಬಾಯಿಂದ ಕೇಳಿದ ರುಚಿ.

ಊಟದ ಮುಂದೆ ಕೂತು ಪ್ರಾರ್ಥಿಸುವಾಗ 'ನೀನು ಕೊಟ್ಟದ್ದಕ್ಕೆ ಸ್ತೋತ್ರ' ಅನ್ನುವುದು ನನಗೆ ಹುಟ್ಟಿದಾಗಿನಿಂದ ಅಭ್ಯಾಸ. ಆ ವರ್ಷಗಳಲ್ಲಿ ಆ ಮಾತು ಬಾಯಿಗೆ ಬಂದರೂ ಮುಂದಕ್ಕೆ ಹೋಗುತ್ತಿರಲಿಲ್ಲ. ದೇವರು ಕೊಟ್ಟಿದ್ದನಲ್ಲ, ನಾಲ್ಕು ವರ್ಷ ಗೋಡೆ ಮೇಲೆ ತಂದು ಇಡಿಸಿದ್ದನಲ್ಲ. ಕೈಯೊಡ್ಡಿದೆ, ನಗುನಗುತ್ತಾ ತಗೊಂಡೆ, ತಿರುಗಿ ಕೊಟ್ಟಿಗೆಗೆ ಸುರಿದೆ. ಆಮೇಲೆ ಒಳಗೆ ಬಂದು ಕೈತೊಳೆದು ಬೈಬಲ್ ಓದಿದೆ. ನನ್ನ ಭಕ್ತಿಯ ಮೇಲೆ ನನಗಷ್ಟು ಅಸಹ್ಯ ಬೇರೆ ಯಾವಾಗಲೂ ಆಗಿಲ್ಲ.

ಟ್ರಾನ್ಸ್‌ಫರ್ ಆಗಿ ಹೊರಟ ದಿನ ಓನರಮ್ಮ ಲಾರಿಯ ಹತ್ತಿರ ಬಂದು ಒಂದು ಚೀಲ ಕೊಟ್ಟರು. ಹೊಲದ ಅರಿಶಿನ ಕೊಂಬು, ಅವರೆಕಾಳು, ಎರಡು ತೆಂಗಿನಕಾಯಿ. "ಒಲ ಕೊಟ್ಟುದ್ದು ಕಣವ್ವ. ಬೇಯ್ಸಿಲ್ಲ, ಯಾರ್ ಮುಂದೂ ಇಕ್ಕಿಲ್ಲ. ಧೈರ್ಯವಾಗ್ ಉಣ್ಣು" ಅಂದರು. ಚುಚ್ಚಿ ಆಡಿದ ಮಾತಲ್ಲ, ನನ್ನ ಅನುಕೂಲಕ್ಕೆ ಹೇಳಿದ ಮಾತು. ಬೇಯಿಸಿದ್ದನ್ನು ಕೊಡಿ, ನಿಮ್ಮ ಕೈಯಾರೆ ಮಾಡಿದ್ದನ್ನು ಕೊಡಿ ಅಂತ ಕಿರುಚಿಬಿಡುವ ಹಾಗಾಯಿತು. "ಬರ್ತೀನಮ್ಮ" ಅಂದೆ. "ಓಗ್ಬುಟ್ ಬಾ" ಅಂದರು. ಲಾರಿ ತಿರುಗುವಾಗ ನೋಡಿದರೆ ಸೊಂಟದ ಡಬ್ಬಿಯಿಂದ ಕಡ್ಡಿಪುಡಿ ತೆಗೆಯುತ್ತಾ ಗೋಡೆಗೆ ಒರಗಿದ್ದರು.

ಚಾಮರಾಜನಗರ ಗುಂಡ್ಲುಪೇಟೆ ಅಂದರೆ ಎಷ್ಟು ದೂರ? ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು. ಮೂರು ವರ್ಷ ನಾನು ಹೋಗಲಿಲ್ಲ. ಡಬ್ಬ ತುಂಬಿಸಿಕೊಂಡು ಹೋಗಬೇಕು, ಏನು ತುಂಬಿಸಲಿ ಅಂತ ಯೋಚಿಸುತ್ತಾ ಮೂರು ವರ್ಷ ಕಳೆದೆ. ಆಮೇಲೊಂದು ದಿನ ಮೊಬೈಲಿಗೆ ಫೋನು ಬಂತು. ಅವರ ಸೊಸೆ. ನನ್ನ ಹಳೆಯ ಶಾಲೆಗೆ ಹೋಗಿ ನಂಬರ್ ಇಸಿದುಕೊಂಡಿದ್ದಳು. "ಅಕ್ಕ, ಅತ್ತೆ ಓಗ್ಬುಟ್ರು. ಮೂರ್ ತಿಂಗ್ಳಾಯ್ತು. ನಿಮ್ ನಂಬ್ರು ಇರ್ನಿಲ್ಲ" ಅಂದಳು. ನಾನು ಅಡುಗೆಮನೆಯಲ್ಲಿ ನಿಂತಿದ್ದೆ, ಡಬ್ಬ ತಲೆಯ ಮೇಲೆಯೇ ಇತ್ತು. "ಹಿರೀಕ್ರ ಹಬ್ಬಕ್ಕೆ ಬನ್ನಿ ಅಕ್ಕ. ಅತ್ತೇಗೆ ಮೊದುಲ್ನೇ ಎಡೆ."

ಹೋದೆ. ಹಿಂದಿನ ದಿನ ಕಜ್ಜಾಯ ಮಾಡಿ ಆ ಡಬ್ಬಕ್ಕೆ ತುಂಬಿದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತರೆ ಬಟ್ಟೆಯೊಳಗಿಂದ ಅದರ ಕಾವು ಹತ್ತುತ್ತಿತ್ತು ಅಂತ ಬರೆಯಬೇಕೆನಿಸುತ್ತದೆ. ಸುಳ್ಳು, ಕಜ್ಜಾಯ ಯಾವತ್ತೋ ಆರಿತ್ತು.

ಮನೆ ಹಾಗೇ ಇತ್ತು. ಕೊಟ್ಟಿಗೆಯಲ್ಲಿ ಕಂದು ಹಸುವಿನ ಜಾಗದಲ್ಲಿ ಅದರ ಕರು, ಈಗ ಬೆಳೆದು ಹಸುವಾಗಿತ್ತು. ಸೊಸೆ ಡಬ್ಬ ನೋಡಿ, "ಅಯ್ಯೋ, ಇದು ನಿಮ್ ತಾವಿತ್ತಾ?" ಅಂತ ಸೆರಗಿನಿಂದ ಅದರ ಮುಚ್ಚಳ ಒರೆಸಿದಳು. ನಡುಮನೆಯಲ್ಲಿ ಎಡೆಗೆ ಸಿದ್ಧವಾಗಿತ್ತು. ಬಾಳೆಎಲೆ, ಹೊಸ ಸೀರೆ, ಎಲೆಅಡಿಕೆ, ಕಡ್ಡಿಪುಡಿಯ ಅದೇ ಡಬ್ಬಿ. ಮಧ್ಯಾಹ್ನ ಮೂರಾಗಿತ್ತು, ಮನೆಯವರು ಯಾರೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸೊಸೆ ಒಲೆಯ ಪಕ್ಕದಿಂದ ಮುಚ್ಚಿಟ್ಟ ಒಂದು ತಟ್ಟೆ ತಂದು ನನ್ನ ಕೈಗಿಟ್ಟಳು. "ಮುಂಚೇನೇ ತಗ್ದಿಟ್ಟಿವ್ನಿ ಅಕ್ಕ, ಅತ್ತೆ ತಗ್ದಿಡ್ತಿದ್ರಲ್ಲ ಅಂಗೆ. ನೀವು ಉಂಡ್ಬುಡಿ. ಸಕ್ಕರೆ ಕಾಯ್ಲೆ ಈಗೆಂಗದೆ? ಒಬ್ಬಟ್ಟು ತಿನ್ಬೋದಾ?"

"ಯಾವ ಸಕ್ಕರೆ ಕಾಯಿಲೆ?"

"ನಿಮ್ಗೆ ಸಕ್ಕರೆ ಬಂದದೆ, ಅದ್ಕೇ ಈಗೀಗ ಹಬ್ಬದಡ್ಗೆ ಕೊಡ್ತಿಲ್ಲ ಅಂತ ಅತ್ತೆ ಯೋಳಿದ್ರಲ್ಲಕ್ಕ."

ನನಗೆ ಯಾವ ಕಾಯಿಲೆಯೂ ಇರಲಿಲ್ಲ. ತಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಹಸಿದ ಇಬ್ಬರು ಮಕ್ಕಳು, ದೊಡ್ಡವರಾಗಿದ್ದರು, ತಟ್ಟೆಯನ್ನೇ ನೋಡುತ್ತಿದ್ದರು. "ಎಡೆ ಆಗಲಿ ಕಣಮ್ಮ. ಎಲ್ಲರ ಜೊತೆ ಕೂರ್ತೀನಿ. ನನ್ನ ಪಾಲು ನನ್ನ ಹತ್ತಿರ ಇರಲಿ" ಅಂದೆ.

ಎಡೆ ಬಡಿಸಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದರು. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು ಅಂತ ಅವರ ಪದ್ಧತಿ. ಸತ್ತವರು ಹಾಗೆ ಬರುತ್ತಾರೆ ಅಂತ ನಾನು ನಂಬುವವಳಲ್ಲ. ಆದರೂ ಜಗುಲಿಯ ಮೇಲೆ ತಟ್ಟೆಯನ್ನು ತೊಡೆಯಲ್ಲಿಟ್ಟುಕೊಂಡು ಆ ಮುಚ್ಚಿದ ಬಾಗಿಲನ್ನು ನೋಡುತ್ತಾ ಕೂತಾಗ, ಒಳಗಿಂದ ಒಂದೇ ಒಂದು ಸಲ 'ಟೀಚ್ರವ್ವೋ' ಅನ್ನಿಸು ತಂದೆಯೇ ಅಂತ ಬೇಡಿಕೊಂಡೆ. ಅದು ಎಂಥಾ ಪ್ರಾರ್ಥನೆಯೋ, ತಪ್ಪೋ ಸರಿಯೋ, ನನಗೆ ಗೊತ್ತಿಲ್ಲ. ಒಳಗೆ ಸದ್ದಿರಲಿಲ್ಲ. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುತ್ತಿತ್ತು.

ಬಾಗಿಲು ತೆಗೆದ ಮೇಲೆ ಎಲ್ಲರೂ ಸಾಲಾಗಿ ಕೂತೆವು. ಅವರು ಎಡೆಯದ್ದನ್ನು ಬಡಿಸಿಕೊಂಡರು, ನಾನು ಆರಿದ ನನ್ನ ತಟ್ಟೆಯನ್ನು ಮುಂದಿಟ್ಟುಕೊಂಡು ಕಣ್ಣುಮುಚ್ಚಿ ಸ್ತೋತ್ರ ಹೇಳಿದೆ. ಈ ಸಲ ಮಾತು ಕೊನೆತನಕ ಹೋಯಿತು. ಒಬ್ಬಟ್ಟು ಮುರಿದು ಬಾಯಿಗಿಟ್ಟೆ. ಚೆನ್ನಾಗಿತ್ತು.

"ಅತ್ತೆ ಕೈ ರುಚಿ ನಂಗೆ ಬರಾಕಿಲ್ಲ ಬುಡಿ ಅಕ್ಕ" ಅಂದಳು ಸೊಸೆ. "ನಾಕ್ ವರ್ಷ ಉಂಡೋರು ನೀವು. ನಿಮ್ಗೆ ಗೊತ್ತಾಗಾಕಿಲ್ವಾ?"

ಗೊತ್ತಾಗುತ್ತೆ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು, ನನಗೆ ರೂಢಿಯಾದ ಮಾತು. ತುತ್ತು ನುಂಗಿ, "ಇಲ್ಲ ಕಣಮ್ಮ, ನಂಗೊತ್ತಿಲ್ಲ" ಅಂದೆ. "ನಾನು ಒಂದು ಸಲವೂ ತಿನ್ನಲಿಲ್ಲ. ಎಲ್ಲಾ ನಿಮ್ಮ ಹಸುಗೆ ಹಾಕಿದೆ. ಅದಕ್ಕೆ ಹೊಟ್ಟೆ ಉಬ್ಬಿದ್ದು ನನ್ನಿಂದ. ನಿಮ್ಮತ್ತೆ ತಮ್ಮ ಮೇಲೆ ಹಾಕಿಕೊಂಡರು."

ಮಗನ ಕೈ ಎಲೆಯ ಮೇಲೆ ನಿಂತಿತು. ಸೊಸೆ ಬಡಿಸುವ ಪಾತ್ರೆ ಹಿಡಿದುಕೊಂಡು ನನ್ನ ಎದುರು ಕುಕ್ಕರುಗಾಲಿನಲ್ಲಿ ಕೂತಳು.

"ಅತ್ತೇಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಂಗಾರೆ ಯಾಕಕ್ಕ," ಅಂದಳು, ಅವಳಿಗೆ ನಿಜವಾಗಿಯೂ ತಿಳಿಯದೆ, "ನಿಮ್ಗೆ ಕೊಡೋದ್ ನಿಲ್ಸುದ್ ಮ್ಯಾಲೂ ಪ್ರತಿ ಹಬ್ಬ ನಿಮ್ ಪಾಲ್ನ ತಗ್ದಿಡ್ತಿದ್ರು? ನೀವು ಊರ್ ಬುಟ್ಟೋದ್ ಮ್ಯಾಲೂ ಬುಡ್ನಿಲ್ಲ. 'ಕೇಳ್ಬೋದು ಕಣಮ್ಮಿ, ಇರ್ಲಿ' ಅನ್ನೋರು. ಬೈಗಿನ್ ಗಂಟ ಮುಚ್ಚಿಟ್ಕಂಡಿದ್ದು, ಗೋಡೆ ತಾವ ಕುಂತ್ಕಂಡು ತಾವೇ ತಿನ್ನೋರು."

ಆ ಎರಡು ವರ್ಷ ಗೋಡೆಯ ಈಚೆ ಕೂತು ನಾನೂ ಕಾಯುತ್ತಿದ್ದೆ ಅಂತ ಅವಳಿಗೆ ಹೇಗೆ ಹೇಳಲಿ. ತಟ್ಟೆಯಲ್ಲಿ ಇನ್ನೂ ಅರ್ಧ ಒಬ್ಬಟ್ಟು ಉಳಿದಿತ್ತು. ಒಂದು ಚೂರೂ ಬಿಡದೆ ತಿಂದೆ.